ಕಾಯುವುದು

ಬಾಡಿಗೆ ಕರಾರಿನ ಒಂಬತ್ತನೆಯ ಕಲಮು: ಹುಂಜ ಕೂಡದು.
ಹೇಂಟೆಗೆ ತಕರಾರಿಲ್ಲ.
ಅದಕ್ಕೇ ಈ ಪಾಡು.

ಟಾಸ್ಮೇನಿಯಾದಲ್ಲಿ ಸೆಪ್ಟೆಂಬರ್ ಎಂದರೆ ವಸಂತ, ಹೆಸರಿಗೆ.
ಕೆಳಗೆ ಸಮುದ್ರ, ಮೇಲೆ ಬರ್ನಿಯ ಬೀದಿ, ನಡುವೆ ಗಾಳಿ.
ಬಟ್ಟೆ ಒಗೆಯುವ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ,
ಕೆಂಪು ಬಲ್ಬಿನಡಿ ಆರು ಸಿಲ್ಕಿ ಮರಿ.
ಗರಿಯಲ್ಲ ಅವಕ್ಕೆ, ಹಿಂಜಿದ ಅರಳೆ;
ಅರಳೆ ಸರಿಸಿದರೆ ತೊಗಲು ಮಸಿಗಪ್ಪು.
ಟೋಬಿನ್ ಕಾಲ್ಬೆರಳು ಎಣಿಸಿದ: ಐದು.
ಮತ್ತೆ ಎಣಿಸಿದ. ಐದೇ.
‘ಒಂದು ಸುಮ್ಮನೆ ಮೇಲಕ್ಕೆ ನೋಡ್ತಿದೆ ಅಮ್ಮ,
ಅದಕ್ಕೆ ಕೆಲಸವಿಲ್ಲ.’

ಮಾರಿದ ವಿನಿಫ್ರೆಡ್ ಸ್ಕಾಬಲ್ ನೋಟು ಮಡಿಸುತ್ತ ಅಂದಿದ್ದಳು:
‘ಬೇರೆ ಜಾತಿಯಾದರೆ ಆರು ವಾರಕ್ಕೆ ಹೇಳಿಬಿಡ್ತೇನೆ.
ಇವು ಗುಟ್ಟು ಬಿಡೋದಿಲ್ಲ. ಕಾಯಬೇಕು.’

ಕಾಯುವುದು. ಬಲ್ಬು ಕಾಯಿತು, ನಾನೂ ಕಾದೆ.
ವಾರಕ್ಕೊಮ್ಮೆ ಬಲ್ಬನ್ನು ಎರಡು ಬೆರಳು ಮೇಲೆತ್ತಿದೆ,
ಪಕ್ಕದ ಮನೆಯ ಬೆಕ್ಕನ್ನು ಕಾದೆ.

ಆ ಬೆಕ್ಕಿನ ಒಡತಿ ಹೆಸ್ಟರ್, ರಾತ್ರಿಪಾಳಿಯ ನರ್ಸು,
ತನ್ನ ಮದುವೆಯ ಉಂಗುರ ದಾರಕ್ಕೆ ಕಟ್ಟಿ ತಂದಳು:
ಮರಿಯ ನೆತ್ತಿಯ ಮೇಲೆ ಹಿಡಿ,
ಸುತ್ತಿದರೆ ಹೆಣ್ಣು, ತೂಗಿದರೆ ಗಂಡು.
ಮೊದಲ ಸಲ ಸುತ್ತಿತು, ಎರಡನೇ ಸಲ ತೂಗಿತು,
ಮೂರನೇ ಸಲ ಮರಿ ಉಂಗುರವನ್ನೇ ಕುಕ್ಕಿತು.

ಜುಟ್ಟು ನೋಡು ಅಂದರು. ದುಂಡಗೆ,
ಪೌಡರ್ ಹಚ್ಚುವ ಕುಚ್ಚಿನಂತಿದ್ದರೆ ಹೇಂಟೆ;
ಬೈಕು ಓಡಿಸಿ ಬಂದವನ ಕೂದಲಂತೆ ಹಿಂದಕ್ಕೆ ಹಾರಿದ್ದರೆ ಹುಂಜ.
ಹಣೆಯ ಹಿಪ್ಪುನೇರಳೆ ಹಣ್ಣು ಅಗಲವಾಯಿತೇ ನೋಡು.
ಟೋಪಿ ಎಸೆ: ಕತ್ತು ನೆಟ್ಟಗೆ ಮಾಡಿ ನಿಂತವನು ಅವನು,
ಮುದುರಿ ಕೂತವಳು ಅವಳು.
ನಾವು ಎಸೆದೆವು. ಆರೂ ಟೋಪಿಯೊಳಗೆ ಹೋಗಿ ಕೂತವು.

ಟೋಬಿನ್‌ನ ಪುಸ್ತಕದಲ್ಲಿ ಪೆನ್ಸಿಲಿನ ‘ಹೇಂ’, ಪೆನ್ಸಿಲಿನ ‘ಹುಂ’,
ಎಲ್ಲದರ ಮುಂದೂ ಒಂದು ಕೊಕ್ಕೆ.
ಒರೆಸಿ ಒರೆಸಿ ಹಾಳೆ ಈರುಳ್ಳಿ ಸಿಪ್ಪೆಯಾಯಿತು.

ಜನವರಿಯಲ್ಲಿ, ಎದೆಗೆ ಎದೆ ಕೊಟ್ಟು ಜಗಳಾಡುತ್ತಿದ್ದ ಬೂದು ಪೋಕರಿ,
ಹುಂಜವೆಂದು ನಾವು ಬರೆದು ಮುಗಿಸಿದ್ದ ಪೋಕರಿ,
ಹುಲ್ಲಿನಲ್ಲಿ ಕೂತು ಒಂದು ಮೊಟ್ಟೆ ಇಟ್ಟಳು,
ಕೆನೆಬಣ್ಣದ್ದು, ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು.
ಇಟ್ಟವಳಿಗೇ ನಂಬಿಕೆಯಿಲ್ಲ, ಮೂರು ಸುತ್ತು ಬಂದು ನೋಡಿದಳು.

ಡಚೆಸ್ ಬಗ್ಗೆ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.
ಬಿಳಿ ಕುಚ್ಚು, ಮಡಿಲು ಕಂಡರೆ ನಿದ್ದೆ.
ಕ್ರಿಸ್‌ಮಸ್ ಸಂಜೆ ಇಗರ್ಜಿಯಲ್ಲಿ ಟೋಬಿನ್ ಒಬ್ಬನೇ
ಮೇಲಿನ ಸ್ವರದ ಚರಣ ಹಾಡಿ ಬಂದ ರಾತ್ರಿ
ಅವಳು ಅವನ ಕೋಟಿನ ತೋಳಿನಲ್ಲಿ ಮಲಗಿದ್ದಳು.

ಆಮೇಲೆ ಅವನು ಹಾಡಲಿಲ್ಲ.
ಕೇಳಿದರೆ ತಲೆಯಾಡಿಸುತ್ತಿದ್ದ, ಹಾಲು ಬೇಕಾದರೆ ಬೆರಳು ತೋರುತ್ತಿದ್ದ.

ಫೆಬ್ರವರಿಯ ಒಂದು ಬೆಳಗು, ಇನ್ನೂ ನಸುಗತ್ತಲು,
ಎಣ್ಣೆ ಕಾಣದ ಗೇಟನ್ನು ಯಾರೋ ಅರ್ಧ ತೆರೆದು ಬಿಟ್ಟ ಸದ್ದು.
ಮತ್ತೆ. ಅವನೇ ಇರಬೇಕು,
ಕದ್ದು ಅಭ್ಯಾಸ ಮಾಡುತ್ತಿದ್ದಾನೆ ಅಂದುಕೊಂಡೆ.
‘ಟೋಬಿನ್?’
ಬಾಗಿಲಾಚೆಯಿಂದ ಒಂದೇ ಪದ,
ನಡುವೆ ಒಡೆದು ಎರಡು ಗಂಟಲಾಗಿ ಬಂತು:
‘ನಾ... ನಲ್ಲ.’

ಹಿತ್ತಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಡಚೆಸ್.
ಕತ್ತು ಚಾಚಿ, ಕಣ್ಣು ಮುಚ್ಚಿ, ಕೊಕ್ಕೊಕ್‌...
ಮುಂದಿನದು ಬಾರದೆ ನಿಂತು,
ಕೂಗಿದ್ದು ಯಾರೆಂದು ಸುತ್ತ ನೋಡಿತು.
ಪಾಳಿ ಮುಗಿಸಿ ಬಂದ ಹೆಸ್ಟರ್ ಬೇಲಿಯಾಚೆ ಶೂ ಕಳಚುತ್ತ
‘ನನಗೇನೂ ಕೇಳಿಸಲಿಲ್ಲ’ ಅಂದಳು. ‘ಸೋಮವಾರದವರೆಗೆ.’

ಸ್ಕಾಬಲ್ ಹುಂಜಗಳನ್ನು ವಾಪಸು ತಗೊಳ್ಳುತ್ತಾಳಂತೆ.
ಸಾಕುವುದಕ್ಕೋ ಸಾರಿಗೋ, ಫೋನಿನಲ್ಲಿ ಅವಳು ಹೇಳಲಿಲ್ಲ,
ನಾನು ಕೇಳಲಿಲ್ಲ.

ಈಗ ಭಾನುವಾರ ರಾತ್ರಿ.
ಬೆಳಗಿನ ಕೂಗು ಹೊರಗೆ ಹೋಗದಿರಲೆಂದು
ಅದೇ ಪೆಟ್ಟಿಗೆ, ಅದೇ ಕೋಣೆ, ಮೇಲೆ ದಪ್ಪ ಕಂಬಳಿ.
ಒಳಗೆ ಟೋಬಿನ್ ಕತ್ತಲಲ್ಲಿ ಕೂತು ಏನೋ ಗುನುಗುತ್ತಿದ್ದಾನೆ,
ಅದೇ ಚರಣ, ಬಹಳ ಕೆಳಗೆ,
ಎಡವಿದಲ್ಲಿ ನಿಲ್ಲುತ್ತಾನೆ, ಮತ್ತೆ ಅಲ್ಲಿಂದಲೇ ಹಿಡಿಯುತ್ತಾನೆ.
ಪೆಟ್ಟಿಗೆಯಿಂದ ಸದ್ದಿಲ್ಲ.
ಕೈಯ ಚಹಾ ಆರುತ್ತಿದೆ.
ದೀಪ ಹಾಕದೆ, ಬಾಗಿಲು ತಟ್ಟದೆ,
ಕಾಯುತ್ತಿದ್ದೇನೆ.