ಸಾಕ್ಷಿಯ ಗಾಜು

ದೇರಳಕಟ್ಟೆ. ಸೆಖೆಗೆ ಮೇಣವೇ ಮೆತ್ತಗಾಗುವ ಮೇ ತಿಂಗಳು.
ಬ್ಲಾಕುಗಳನ್ನು ಐಸಿನ ಮೇಲಿಟ್ಟು ಕಾಯುತ್ತೇನೆ,
ಧಕ್ಕೆಯಲ್ಲಿ ಅಂಜಲ್ ಇಟ್ಟ ಹಾಗೆ.

ಹೋಲಿಕೆ ನನ್ನದಲ್ಲ, ಲೋಲಾಕ್ಷಿ ಪುತ್ರನ್ ಅವರದು.
ಎಡದವಡೆ ಉಬ್ಬಿದೆ, ನಿಂಬೆಯಷ್ಟು.
ಎಕ್ಸ್‌ರೇಯಲ್ಲಿ ಒಂದು ಕಪ್ಪು ಹೊಂಡ.
ಒಳಗೆ ನೀರೋ ಬೇರೋ, ಅದು ಹೇಳುವುದಿಲ್ಲ.
ಚೀಲವಾದರೆ ಸುಲಿದು ತೆಗೆದಾರು,
ಗಡ್ಡೆಯಾದರೆ ಎಲುಬನ್ನೇ ಕೊಯ್ದಾರು.
ಬೆಳಗಿನ ಐದಕ್ಕೆ ಬಂಗುಡೆಯ ಏಲಂ ಕೂಗುವ ದವಡೆ.

"ಐಸಲ್ಲಿಟ್ಟ ಮೀನು ಮಾತಾಡ್ತದಾ ಬಾಯಮ್ಮಾ?"
ರಶೀದಿ ಕೊಡಲು ಬಂದವರು ಕೇಳಿದ್ದರು.

ಮಾತಾಡುತ್ತದೆ. ಬಣ್ಣ ಹಾಕಬೇಕು.

ಕೂದಲಿಗಿಂತ ತೆಳ್ಳಗೆ ಕೊಯ್ದು, ಬೆಚ್ಚನೆ ನೀರಲ್ಲಿ ತೇಲಿಸಿ
ಗಾಜಿಗೆ ಎತ್ತಿಕೊಂಡೆ.
ನನ್ನ ನೀರುದೋಸೆ ಹರಿಯುವ ದಿನವೂ ಇದು ಹರಿಯುವುದಿಲ್ಲ.
ಮೊದಲು ನೀಲಿ, ಗುಲಾಬಿ.
ಡಾಕ್ಟರು ಕಣ್ಣಿಟ್ಟು ಬಹಳ ಹೊತ್ತು ಸುಮ್ಮನಿದ್ದರು.
ಅಂಚಿನ ಕಣಗಳು ಸಾಲಾಗಿ ನಿಂತಿವೆ, ಸರಿ;
ಅವುಗಳ ಬೀಜ ಅಂಚು ಬಿಟ್ಟು ಒಳಸರಿದಿದೆಯೋ, ಸ್ಪಷ್ಟವಿಲ್ಲ.
"ಕ್ಯಾಲ್‌ರೆಟಿನಿನ್ ಹಾಕಿ, ಫ್ಲೋಸಿ."

ಅದು ಕಂದು. ಗಡ್ಡೆಯನ್ನು ಹಿಡಿಯುತ್ತದೆ,
ಚೀಲವನ್ನು ಸಾಮಾನ್ಯವಾಗಿ ಬಿಡುತ್ತದೆ.
ಸಾಮಾನ್ಯವಾಗಿ.
ಹನಿ ಹಾಕಿದೆ, ತೊಳೆದೆ, ಕಾದೆ.
ಬಣ್ಣ ಹತ್ತಲಿಲ್ಲ.

ಹತ್ತದ ಬಣ್ಣವನ್ನು ನಂಬುವುದು ಹೇಗೆ?
ಕರೆಂಟು ಹೋಗಿ ಫ್ರಿಜ್ಜಿನಲ್ಲಿ ಹನಿ ಕೆಟ್ಟಿರಬಹುದು,
ನಾನೇ ಒಂದು ಹಂತ ಮರೆತಿರಬಹುದು, ಮನೆಯಲ್ಲಿ ಅಮ್ಮನಿಗೆ ಜ್ವರ.
ಇಲ್ಲ ಎನ್ನುವುದಕ್ಕೂ ಸಾಕ್ಷಿ ಬೇಕು.

ಅದಕ್ಕೇ ಪಕ್ಕದಲ್ಲಿ ಇನ್ನೊಂದು ಗಾಜು.
ಅದರ ಮೇಲೆ ಇದಿನಬ್ಬ.
ಮುಡಿಪು ಬಸ್ಸಿನ ಕಂಡಕ್ಟರ್. ಹನ್ನೊಂದು ವರ್ಷದ ಹಿಂದೆ
ಬಲದವಡೆಯನ್ನು ಕಿವಿಯ ತನಕ ತೆಗೆದರು.
ಆಮೇಲೆ "ತೊಕ್ಕೊಟ್ಟು, ತೊಕ್ಕೊಟ್ಟು" ಎನ್ನಲಾಗದೆ
ಬಸ್ಸಿನ ತಗಡು ಬಡಿಯುತ್ತಿದ್ದರಂತೆ.
ಒಂದು ಬಡಿದರೆ ನಿಲ್ಲಿಸು,
ಎರಡು ಬಡಿದರೆ ರೈಟ್.

ಅವರ ಗಡ್ಡೆಯ ಚೂರು ನಮ್ಮ ಡ್ರಾಯರಿನಲ್ಲಿದೆ, ಮೇಣದೊಳಗೆ.
ಗುರುತಿಲ್ಲದವರ ಜೊತೆಗೆ ಪ್ರತಿ ಸಲ ಒಂದು ಪದರ ಕೊಯ್ಯುತ್ತೇನೆ.
ಇವತ್ತೂ ಅವರು ಕಂದಾಗಿದ್ದಾರೆ,
ಕಾಚಿನ ಹಾಗೆ, ಕಡು.
ಅಂದರೆ ಹನಿ ಸರಿಯಿತ್ತು. ಕೈ ಸರಿಯಿತ್ತು.
ಅಂದರೆ ಲೋಲಾಕ್ಷಿಯ ಗಾಜು ಬರಿದಾಗಿರುವುದು ನಿಜ.

ಡಾಕ್ಟರು ಎರಡನ್ನೂ ನೋಡಿ, ಹಳೆಯ ಗುಲಾಬಿಯನ್ನು ಮತ್ತೆ ನೋಡಿ,
ಚೀಲ ಎಂದು ಬರೆದರು. ಕೆಳಗೆ ಸಣ್ಣಕ್ಕೆ:
ಮರಳಿ ಬರಬಹುದು, ವರ್ಷಕ್ಕೊಮ್ಮೆ ತೋರಿಸಿ.

ಇದಿನಬ್ಬರ ಬ್ಲಾಕು ಸವೆಯುತ್ತ ಬಂದಿದೆ.
ಇನ್ನು ಮೂವತ್ತು ಗಾಜಿಗೆ ಸಾಕಾದೀತು, ಜಾಗ್ರತೆ ಮಾಡಿದರೆ.
ಡ್ರಾಯರು ದೂಡಿ ಮುಚ್ಚುವಾಗ, ಯಾಕೋ,
ಗೆಣ್ಣಿನಿಂದ ತಗಡನ್ನು
ಎರಡು ಸಲ ಬಡಿದೆ.