ಸೂರಿನ ತೂಕ

ಎರಡೂ ಒಂದೇ ವರ್ಷದವು, ಒಂದೇ ಕಾರ್ಖಾನೆಯವು.
ಕೆಂಪಗಿನದಕ್ಕೆ ಬಟ್ಟೆಯ ಸೂರು. ಗುಂಡಿ ಒತ್ತಿದರೆ
ಹನ್ನೊಂದು ಸೆಕೆಂಡಿನಲ್ಲಿ ಮಡಚಿಕೊಂಡು
ಬೆನ್ನ ಹಿಂದೆ ಹೋಗಿ ಕೂರುತ್ತದೆ.
ಇನ್ನೊಂದು ಕೂಪೆ, ಬೂದು ಬಣ್ಣ,
ಹಣೆಯಿಂದ ಬಾಲದವರೆಗೆ ಒಂದೇ ಗೆರೆ,
ಕುಂಚ ಎತ್ತದೆ ಎಳೆದ ಹಾಗೆ.

ತ್ರಿಯೆಸ್ತೆಯಲ್ಲಿ ನಾನು ಹಳೆ ಕಾರು ಮಾರುವವನು.
ಬೋರಾ ಬೀಸುವ ಊರಿದು. ಗುಡ್ಡದಿಂದಿಳಿದು
ಸಮುದ್ರಕ್ಕೆ ಬೀಳುವ ಮೊದಲು
ಟೋಪಿ, ಕೊಡೆ, ಹೂಕುಂಡ, ಒಮ್ಮೊಮ್ಮೆ ಸ್ಕೂಟರು,
ಎಲ್ಲವನ್ನೂ ಒಂದು ಸಲ ಎತ್ತಿ ನೋಡುವ ಗಾಳಿ.
ಇಂಥಲ್ಲಿ ಸೂರು ತೆರೆಯುವ ಕಾರನ್ನು ಯಾರು ಕೊಂಡಾರು
ಎಂದು ಕೇಳಬೇಡಿ. ನನ್ನಲ್ಲಿ ಮೊದಲು ಖರ್ಚಾಗುವುದು ಅವೇ.

ಶನಿವಾರ ಬಂದಳು ನಿವೆಸ್. ಅರವತ್ತಮೂರು.
ನಲವತ್ತು ವರ್ಷ ನಡೆಸಿದ ಸಲೂನನ್ನು
ಕನ್ನಡಿ, ಕುರ್ಚಿ, ಬೀಗದಕೈ ಸಮೇತ ಮಾರಿದ್ದಳು;
ದುಡ್ಡು ಕೈಚೀಲದಲ್ಲಿ ಇನ್ನೂ ಬೆಚ್ಚಗಿತ್ತು.
ಜೊತೆಗೆ ಇಲ್ಡಾ, ಅವಳ ಕೈಕೆಳಗೆ ಕತ್ತರಿ ಹಿಡಿದು ಕಲಿತವಳು,
ಬಂದವಳೇ ಕೆಂಪು ಬಾಗಿಲಿಗೆ ಒರಗಿ
'ಇದೇ' ಅಂದಳು. 'ಯೋಚಿಸುವುದೇನಿದೆ?
ಗಾಳಿ ಬಂದಾಗ ತೂರಿಕೊಳ್ಳಬೇಕು.'

ನಾನು ಸುಳ್ಳು ಹೇಳುವವನಲ್ಲ, ತೀರಾ ಅಗತ್ಯ ಬೀಳದ ಹೊರತು.
ನೋಡಿ ಸಿನ್ಯೋರಾ, ಅಂದೆ,
ಸೂರು ತೆಗೆದರೆ ಕಾರು ಹಗುರಾಗುವುದಿಲ್ಲ, ಭಾರವಾಗುತ್ತದೆ.
ಮೇಲೆ ಕತ್ತರಿಸಿದ್ದಕ್ಕೆ ಕೆಳಗೆ ಉಕ್ಕು ಸೇರಿಸಬೇಕು,
ಇಲ್ಲವಾದರೆ ಮೊದಲ ತಿರುವಿಗೇ ಮೈ ತಿರುಚಿಕೊಂಡೀತು,
ಒದ್ದೆ ಟವೆಲು ಹಿಂಡಿದ ಹಾಗೆ.
ಆಕಾಶ ಪುಕ್ಕಟೆಯಲ್ಲ.

ಅವಳು ಮಂಡಿಯೂರಿ ಕಾರಿನ ಹೊಟ್ಟೆಯಡಿ ಇಣುಕಿದಳು,
ಗಿರಾಕಿಯ ಬುಡದ ನರೆ ಹುಡುಕುವವಳಂತೆ.

ಒಪಿಚೀನಾದ ಏರಿಗೆ ಮೊದಲು ಕೆಂಪನ್ನು ಒಯ್ದರು.
ಮರಳಿದಾಗ ಇಲ್ಡಾಳ ಕಣ್ಣಲ್ಲಿ ನೀರು, ಬಾಯಿತುಂಬ ನಗು.
ನಿವೆಸಳ ತಲೆ ಗುಬ್ಬಿಯ ಗೂಡು.
ಕನ್ನಡಿಯಲ್ಲಿ ನೋಡಿಕೊಂಡಳು. ಬಾಚಣಿಗೆ ತೆಗೆಯಲಿಲ್ಲ.
ನಾನು ರಸೀದಿ ಪುಸ್ತಕ ಹುಡುಕತೊಡಗಿದೆ.

'ಇನ್ನೊಂದನ್ನೂ ನೋಡುತ್ತೇನೆ.' ಒಬ್ಬಳೇ ಹೋದಳು.

ಇಪ್ಪತ್ತು ನಿಮಿಷ ಅಂದವಳು ಒಂದೂವರೆ ಗಂಟೆ.
ಪೊಲೀಸರಿಗೆ ಫೋನು ಮಾಡಲೇ ಅನ್ನುವಷ್ಟರಲ್ಲಿ
ಬಂದು ನಿಲ್ಲಿಸಿದಳು. ಎಂಜಿನು ಆರಿಸಿದಳು. ಇಳಿಯಲಿಲ್ಲ.
ಹೊರಗೆ ನನ್ನ ತಗಡಿನ ಬೋರ್ಡು ಡಬಡಬ ಬಡಿದುಕೊಳ್ಳುತ್ತಿತ್ತು,
ಇಲ್ಡಾಳ ಶಾಲು ಬೇಲಿಗೆ ಸಿಕ್ಕಿತ್ತು;
ಗಾಜಿನಾಚೆ ಅವಳು, ತೊಟ್ಟಿಯ ಮೀನಿನಷ್ಟು ನಿಶ್ಶಬ್ದ.
ಬೆರಳಲ್ಲಿ ಬಡಿದೆ. ಗಾಜು ನಾಲ್ಕು ಬೆರಳು ಇಳಿಯಿತು.

'ಬೆಳಿಗ್ಗೆ ಕಟ್ಟಿ ಕಳಿಸಿದ ಮದುವಣಗಿತ್ತಿಯರು
ಚರ್ಚಿನ ಮೆಟ್ಟಿಲಿಂದ ಅಳುತ್ತ ವಾಪಸು ಓಡಿಬರುತ್ತಿದ್ದರು.
ಇವನು ಕೆಡಿಸುವುದು, ನಾನು ಸರಿಮಾಡುವುದು.
ಕೆಡಿಸದಿದ್ದರೆ ನನ್ನ ಒಲೆ ಎಲ್ಲಿ ಉರಿಯುತ್ತಿತ್ತು?
ಪಾಲುದಾರರು ನಾವು, ನಲವತ್ತು ವರ್ಷ.
ಅಂಗಡಿ ಮಾರಿದ ಮೇಲೂ
ಪಾಲುದಾರನನ್ನು ತಲೆಯ ಮೇಲೆ ಕೂರಿಸಿಕೊಳ್ಳಲೇ?'

ಇಲ್ಡಾ ಮುಖ ಊದಿಸಿಕೊಂಡಳು. ಚೌಕಾಸಿ ನಡೆಯಿತು,
ನಾನೇ ಸೋತೆ. ಸಹಿ ಬಿತ್ತು.
ಬೂದು ಕೂಪೆ ಗೇಟು ದಾಟುವಾಗ
ಕಿಟಕಿಯಿಂದೊಂದು ಕೈ ಹೊರಬಂದು
ಗಾಳಿಯನ್ನು ಎರಡು ಬೆರಳ ನಡುವೆ ಹಿಡಿದು ನೋಡಿತು,
ಕತ್ತರಿಸುವ ಮುನ್ನ ಎಳೆಯ ಉದ್ದ ಅಳೆಯುವ ಹಾಗೆ.
ಆಮೇಲೆ ಒಳಸೇರಿತು.

ಸಂಜೆ ಲೆಕ್ಕ ಬರೆದು, ದೀಪ ಆರಿಸಿ,
ತಲೆ ಬೋಳಾಗಿ ಹದಿನೈದು ವರ್ಷವಾದ ನಾನು
ಕೆಂಪು ಕಾರಿನಲ್ಲಿ ಕೂತು ಗುಂಡಿ ಒತ್ತಿದೆ.
ಒಂಬತ್ತನೆಯ ಸೆಕೆಂಡಿಗೆ ಎಲ್ಲೋ ಸಿಕ್ಕಿಕೊಂಡಿತು.
ಅರ್ಧ ಬಟ್ಟೆ, ಅರ್ಧ ನಕ್ಷತ್ರ.
ಗಾಜಿಗಂಟಿಸಿದ ಬೆಲೆಚೀಟಿ ಪಟಪಟ ಅನ್ನುತ್ತಿತ್ತು.
ಹಾಗೇ ಕೂತಿದ್ದೆ ತುಸು ಹೊತ್ತು,
ಸೋಮವಾರ ಮೆಕ್ಯಾನಿಕ್ಕಿಗೆ ಹೇಳಬೇಕು
ಅಂದುಕೊಳ್ಳುತ್ತ.