ಮೂರನೇ ಲೈನು

ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯಬಾರದಂತೆ.
ನಾವು ಹೊಲಿದೆವು. ನಿಮಿಷಕ್ಕೆ ನಾನೂರು,
ಮೂವತ್ತೊಂದು ವರ್ಷ, ಶಿಕೋಕುವಿನ ಈ ಕಾಗದದೂರಿನಲ್ಲಿ.
ಕುಲಾವಿಯಲ್ಲ, ಡೈಪರು;
ಸೊಂಟಪಟ್ಟಿಯ ಮೇಲೆ ಸಾಲಾಗಿ ಹಳದಿ ಬಾತುಕೋಳಿ.

ಮಾರ್ಚಿನಲ್ಲಿ ಒಸಾಕಾದಿಂದ ಇಬ್ಬರು ಬಂದು
ಲೈನು ನಿಲ್ಲಿಸಿದರು.
ಬೆಲ್ಟು ಅಗಲವಾಯಿತು, ಕತ್ತರಿಯ ಬಾಯಿ ದೊಡ್ಡದಾಯಿತು,
ಎಲಾಸ್ಟಿಕ್ಕು ಮೂರು ಪಟ್ಟು.
ಬಾತುಕೋಳಿ ಅಚ್ಚೊತ್ತುವ ಉರುಳೆಗೆ ಕಂಬಳಿ ಸುತ್ತಿ
ಪೆಟ್ಟಿಗೆಗೆ ಹಾಕಿ ಹಡಗು ಹತ್ತಿಸಿದರು,
ಮಕ್ಕಳು ಹುಟ್ಟುವ ದಿಕ್ಕಿಗೆ.
"ಮುದುಕರಿಗೆ ಚಿತ್ರ ಬೇಡವೆ?" ಎಂದೆ.
ಚಿಕ್ಕವನು ನಕ್ಕ. ದೊಡ್ಡವನು
ತನ್ನ ಸೊಂಟ ನೋಡಿಕೊಂಡ.

ಪರೀಕ್ಷೆಗೆಂದು ಒಂದು ರಬ್ಬರು ಗೊಂಬೆ ಇತ್ತು.
ಹೊಟ್ಟೆಗೆ ಕೊಳವೆ; ನೀಲಿ ನೀರು ಬಿಟ್ಟರೆ
ಉಚ್ಚೆ ಹೊಯ್ದು ಸುಮ್ಮನೆ ಮೇಲೆ ನೋಡುತ್ತಿತ್ತು.
ಮಾಮೆಕೊ ಎನ್ನುತ್ತಿದ್ದೆವು, ಕಾಳಿನಂಥ ಕೂಸು.
ಹೊಸಬರು ಕೆಲಸ ಕಲಿತದ್ದು ಅದರ ಮೇಲೆ,
ಊಟದ ಹೊತ್ತಿನಲ್ಲಿ ಯಾರದೋ ಮಡಿಲಲ್ಲಿ ಅದು.
ನನ್ನ ಮಡಿಲಲ್ಲೂ. ಬೇರೆ ಯಾವುದೂ ಅಲ್ಲಿ ಕೂರಲಿಲ್ಲ,
ಆ ಮಾತು ಈಗ ಬೇಡ.
ಉರುಳೆಯ ಜೊತೆ ಅದೂ ಹೋಯಿತು, ಮುಖ ಮೇಲಾಗಿ.

ಏಪ್ರಿಲಿಗೆ ಬಂದಳು ವಿಯೆಟ್ನಾಮಿನ ಹುಡುಗಿ, ಞಾನ್.
ಇಲ್ಲಿ ಬೆಕ್ಕು ಕೂಗುವುದೇ ಹಾಗೆ; ಹಾಜರಿ ಕರೆದಾಗೆಲ್ಲ
ಪ್ಯಾಕಿಂಗಿನವರು ಬಗ್ಗಿ ಮೇಜಿನ ಕೆಳಗೆ ಹುಡುಕುತ್ತಿದ್ದರು.
ಒಂದು ದಿನ ಅವಳೂ ಬಗ್ಗಿ ಹುಡುಕಿದಳು.
ಆಮೇಲೆ ಯಾರೂ ನಗಲಿಲ್ಲ.

ಅವಳ ಕರಾರಿನ ಕಾಗದ ನಾನೇ ಓದಿ ಹೇಳಬೇಕಾಯಿತು:
ಬಾಡಿಗೆ ಇಷ್ಟು, ಸೈಕಲ್ಲು ಕಂಪನಿಯದು,
ಕೊನೆಗೆ, ಏಜೆಂಟನ ಕೈಬರಹದಲ್ಲಿ,
ಮೂರು ವರ್ಷ ಬಸುರಾಗಕೂಡದು.
ಓದಿದೆ. ಆ ಸಾಲನ್ನೂ. ಸ್ವಲ್ಪ ಬೇಗ.
ಮುಚ್ಚಿದ ಶಾಲೆಯಲ್ಲಿ ಅವರ ಹಾಸ್ಟೆಲು.
ಮಕ್ಕಳ ಎತ್ತರ ಗುರುತಿಸಿದ ಗೆರೆಗಳು ಗೋಡೆಯಲ್ಲಿ ಇನ್ನೂ ಇವೆ,
ಅದರ ಮೇಲೊಂದು ಮೊಳೆ, ಮೊಳೆಗೆ ಅವಳ ರೇನ್‌ಕೋಟು.

ಊರ ಕಚೇರಿಯ ಕರಪತ್ರ ಪ್ರತಿ ವರ್ಷ ಬರುತ್ತದೆ:
ಕೂಸು ಹುಟ್ಟಿದ ಮನೆಗೆ ಐವತ್ತು ಕಿಲೋ ಅಕ್ಕಿ.
ಈ ಸಲ ನೂರು ಮಾಡಿದ್ದಾರೆ.

ಇವತ್ತು ಮೊದಲ ತುಂಡು ಹೊರಬಂತು, ಬಿಳಿ,
ಬರಿಯ ಬಿಳಿ, ಬಿಚ್ಚಿ ಹಾಸಿದರೆ ದಿಂಬಿನಷ್ಟು.
ತೊಡಿಸಿ ನೋಡಲು ದೊಡ್ಡ ಗೊಂಬೆ ಇನ್ನೂ ಬಂದಿಲ್ಲ.
ಮೇಸ್ತ್ರಿ ಸುತ್ತ ನೋಡಿದ. ಅರವತ್ತು ದಾಟಿದವಳು
ಆ ಪಾಳಿಯಲ್ಲಿ ನಾನೊಬ್ಬಳೇ.
ಪ್ಯಾಂಟಿನ ಮೇಲೇ, ಎಂದೆ. ಕೈ ಎತ್ತಿ ನಿಂತೆ.
ಞಾನ್ ಮಂಡಿಯೂರಿ ಪಟ್ಟಿ ಎಳೆದಳು, ಅಂಟಿಸಿದಳು,
ಎರಡು ಬೆರಳು ತೂರಿಸಿ ಬಿಗಿ ನೋಡಿದಳು,
ಊರಲ್ಲಿ ಎತ್ತಿ ಆಡಿಸಿದ ತಂಗಿಗೆ ಮಾಡುತ್ತಿದ್ದ ಹಾಗೆ.
ಆಮೇಲೆ ಟೇಪು ಹಿಡಿದು ಎಣಿಸಿದಳು.
ಎಲ್ಲವನ್ನೂ ನಮ್ಮ ಮಾತಿನಲ್ಲೇ ಆಡುತ್ತಾಳೆ,
ಎಣಿಕೆ ಮಾತ್ರ ಅವಳದರಲ್ಲಿ.

ಎಷ್ಟು ಬಂತೆಂದು ನಾನು ಕೇಳಲಿಲ್ಲ.
ಅವಳು ಬರೆದುಕೊಂಡಳು. ಲೈನು ಹೊರಟಿತು.